ಮನೆಯ ಗಡಿಗೆ, ಅರಸನ ಸುಂಕ

ವಿಲಾಯತಿಯಲ್ಲಿರುವ ನನ್ನ ಸೋದರಳಿಯನಿಂದ ಹೋದ ತಿಂಗಳು ಒಂದು ಕಾಗದ ಬಂದಿತು. ಹುಡುಗ ಹುಮನಾಬಾದಿನಲ್ಲಿ ಹುಟ್ಟಿ ಬೆಳೆದವನು. ಈಗ ಲೀಡ್ಸ್ ಪಟ್ಟಣದಲ್ಲಿ ಇಂಜಿನಿಯರನಾಗಿದ್ದಾನೆ. ಅಲ್ಲಿಯ ಮಳೆ, ಚಳಿ, ಸೊಪ್ಪು ಬೇಳೆಯ ಬೆಲೆ, ಎಲ್ಲವನ್ನೂ ಬರೆದು, ಕೊನೆಯಲ್ಲಿ ತುಸು ಅಳುಕಿನಿಂದ ಇನ್ನೊಂದು ಸಂಗತಿಯನ್ನು ಸೇರಿಸಿದ್ದ: “ಮಾಮಾ, ಸಿಟ್ಟಾಗಬ್ಯಾಡ್ರಿ. ಇಲ್ಲಿ ರಜೆದಾಗ ನಾವು ಮನಿಯಾಗೇ ಬಿಯರ್ ಮಾಡತೀವಿ. ಅದಕ್ಕ ಇಲ್ಲಿ ಯಾರದೂ ಪರವಾನಗಿ ಬೇಕಾಗಿಲ್ಲ.”

ಮಾಡುವ ಬಗೆಯನ್ನೂ ವಿವರವಾಗಿ ಬರೆದಿದ್ದ. ಇಪ್ಪತ್ತು ಲೀಟರಿನಷ್ಟು ಪಾನೀಯಕ್ಕೆ ಮೂರೂವರೆ ಕಿಲೋ ಜವೆಗೋಧಿ ಬೇಕು. ಅದು ಮೊಳಕೆ ಬರಿಸಿ, ಬಣ್ಣಗೆಡದಂತೆ ಹದವಾಗಿ ಒಣಗಿಸಿದ್ದಾಗಿರಬೇಕು. ಅದನ್ನು ನುಚ್ಚು ಮಾಡಿ ೬೬ ಡಿಗ್ರಿ ಬಿಸಿಯ ನೀರಿನಲ್ಲಿ ಒಂದು ಗಂಟೆ ಇಟ್ಟರೆ ಕಾಳಿನೊಳಗಿನ ಹಿಟ್ಟು ಸಕ್ಕರೆಯಾಗುತ್ತದೆ. ಆ ಸಿಹಿ ತಿಳಿಯನ್ನು ಸೋಸಿ ಇನ್ನೊಂದು ಗಂಟೆ ಕುದಿಸಬೇಕು. ಕುದಿ ಬಂದಾಗ ಹಾಪ್ಸ್ ಎಂಬ ಬಳ್ಳಿಯ ಹೂಗೊಂಚಲನ್ನು ಸ್ವಲ್ಪ ಹಾಕಿದರೆ ಕಹಿ ಇಳಿಯುತ್ತದೆ. ಇಳಿಸುವ ಹೊತ್ತಿಗೆ ಇನ್ನಷ್ಟು ಹಾಕಿದರೆ ಪರಿಮಳ ನಿಲ್ಲುತ್ತದೆ. ಆರಿದ ಮೇಲೆ ಯೀಸ್ಟ್ ಬೆರೆಸಿ, ೨೦ ಡಿಗ್ರಿ ಮೀರದ ತಂಪಿನಲ್ಲಿ ಹತ್ತು ಹನ್ನೆರಡು ದಿನ ಬಿಟ್ಟರೆ ಆಯಿತು. ಇದಕ್ಕೆ ಅವರು ಪೇಲ್ ಏಲ್ ಎನ್ನುತ್ತಾರೆ. ಹೊಂಬಣ್ಣದ ಬಿಯರು ಎಂದು ತಿಳಿದರೆ ಸಾಕು. ಇದರಲ್ಲಿ ಮದ್ಯಸಾರ ನೂರಕ್ಕೆ ನಾಲ್ಕಕ್ಕಿಂತಲೂ ಕಡಿಮೆ. ಒಂದೇ ಕೂಟದಲ್ಲಿ ಮಾತನಾಡುತ್ತ ಎರಡು ಮೂರು ಲೋಟ ಕುಡಿದರೂ ಮಾತು ತಪ್ಪದಿರಲೆಂದು ಹೀಗೆ ಹಗುರವಾಗಿ ಮಾಡುವುದಂತೆ. ಆದುದರಿಂದಲೇ ಇದಕ್ಕೆ ‘ಸೆಷನ್’ ಏಲ್ ಎಂಬ ಹೆಸರು.

ಇಷ್ಟು ಬರೆದು ಹುಡುಗ ಒಂದು ಪ್ರಶ್ನೆ ಕೇಳಿದ್ದ: “ನಮ್ಮ ಕಡೆ ಇಂಥಾದ್ದು ಯಾವಾಗರೆ ಇತ್ತೇನ್ರಿ ಮಾಮಾ? ಮನಿಯಾಗ ಮಾಡೂದು, ಕುಂತು ಮಾತಾಡತಾ ಕುಡಿಯೂದು, ತಲಿ ಕೆಡಲಾರದಂಥಾದ್ದು?”

ನಾನು ಮದ್ಯವನ್ನು ತುಟಿಗೆ ಮುಟ್ಟಿಸಿದವನಲ್ಲ. ಬಸವಕಲ್ಯಾಣದಲ್ಲಿ ನಿಂತು ಮಕ್ಕಳಿಗೆ ವಚನ ಹೇಳಿಕೊಡುವ ನನಗೆ ಆ ಕಾಗದವನ್ನು ಓದಿ ಮೊದಲು ಸಿಟ್ಟೇ ಬಂದಿತು. ಆದರೆ ಕೇಳಿದ್ದು ಚರಿತ್ರೆಯ ಪ್ರಶ್ನೆ. ಚರಿತ್ರೆಯ ಪ್ರಶ್ನೆಗೆ ಸಿಟ್ಟು ಉತ್ತರವಾಗಲಾರದು. ಹುಡುಗನಿಗೆ ಉತ್ತರ ಬರೆಯಲು ಕುಳಿತವನು ಪುಸ್ತಕಗಳ ಕಪಾಟಿನ ಮುಂದೆ ಎರಡು ಭಾನುವಾರ ಕಳೆದೆ. ಅಲ್ಲಿ ದೊರೆತುದನ್ನು ವಾಚಕರ ಮುಂದೆಯೂ ಇಡುತ್ತಿದ್ದೇನೆ.

ಮೊದಲು ಕೈಗೆ ಬಂದದ್ದು ಕೌಟಿಲ್ಯನ ಅರ್ಥಶಾಸ್ತ್ರ. ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿದ್ದ ಓಲೆಯ ಪ್ರತಿಯಿಂದ ಆರ್. ಶಾಮಶಾಸ್ತ್ರಿಗಳು ೧೯೦೯ರಲ್ಲಿ ಈ ಗ್ರಂಥವನ್ನು ಅಚ್ಚು ಹಾಕಿಸಿ ಲೋಕಕ್ಕೆ ಕೊಟ್ಟ ಕಥೆ ಕನ್ನಡಿಗರಿಗೆಲ್ಲ ಗೊತ್ತಿರುವುದಷ್ಟೆ. ಅದರಲ್ಲಿ ಸುರಾಧ್ಯಕ್ಷನೆಂಬ ಅಧಿಕಾರಿಯ ಕೆಲಸವನ್ನು ಹೇಳುವ ಒಂದು ಅಧ್ಯಾಯವೇ ಉಂಟು. ಮೇದಕ, ಪ್ರಸನ್ನ, ಆಸವ, ಅರಿಷ್ಟ, ಮೈರೇಯ, ಮಧು ಎಂದು ಆರು ಬಗೆಗಳನ್ನು ಎಣಿಸಿ, ಅಕ್ಕಿ ಎಷ್ಟು, ನೀರು ಎಷ್ಟು, ಹುದುಗು ಎಷ್ಟು ಎಂಬ ಅಳತೆಯನ್ನು ಸಹ ಕೌಟಿಲ್ಯನು ಕೊಡುತ್ತಾನೆ. ಮದ್ಯವನ್ನು ಮಾಡುವ, ಮಾರುವ ಅಧಿಕಾರವನ್ನೆಲ್ಲ ಅರಸನ ಕೈಯಲ್ಲಿ ಬಿಗಿಯಾಗಿ ಹಿಡಿದಿಟ್ಟ ಆ ನಿಷ್ಠುರ ಶಾಸ್ತ್ರಕಾರನು ಒಂದೆಡೆ ಮಾತ್ರ ಹಿಡಿತವನ್ನು ಸಡಿಲಿಸಿದ್ದಾನೆ. ಸಂಸಾರವಂದಿಗರು ಮನೆಯ ಶುಭಕಾರ್ಯಗಳಿಗೆ ಬಿಳಿಯ ಸುರೆಯನ್ನೂ, ಔಷಧಕ್ಕಾಗಿ ಅರಿಷ್ಟವನ್ನೂ ತಾವೇ ಮಾಡಿಕೊಳ್ಳಬಹುದು; ಉತ್ಸವ, ಜಾತ್ರೆಗಳಲ್ಲಿ ನಾಲ್ಕು ದಿನ ಬಿಡುವು ಕೊಡಬೇಕು. ಮನೆಯ ಗಡಿಗೆಗೂ ಅರಸನ ಸುಂಕಕ್ಕೂ ನಡುವೆ ಗೆರೆಯೆಲ್ಲಿ ಎಂಬ ಪ್ರಶ್ನೆ ಇಂದಿನದಲ್ಲವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಅಲ್ಲಿಂದ ನಮ್ಮ ಕಲ್ಯಾಣಕ್ಕೆ ಬರೋಣ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಮಗ ಮೂರನೆಯ ಸೋಮೇಶ್ವರನು ಈ ಊರಿನಿಂದಲೇ ರಾಜ್ಯವಾಳುತ್ತ, ೧೧೨೯ರಲ್ಲಿ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥವನ್ನು ಮುಗಿಸಿದನು. ಅರಸನು ತಿಳಿದಿರಬೇಕಾದುದನ್ನೂ ಅನುಭವಿಸಬೇಕಾದುದನ್ನೂ ನೂರು ಅಧ್ಯಾಯಗಳಲ್ಲಿ ಹೇಳುವ ಈ ಗ್ರಂಥದಲ್ಲಿ ಅನ್ನಭೋಗಕ್ಕೆ ಒಂದು ಅಧ್ಯಾಯ, ಪಾನೀಯಭೋಗಕ್ಕೆ ಒಂದು ಅಧ್ಯಾಯ. ಪಾನೀಯವೆಂದರೆ ಅಲ್ಲಿ ಮುಖ್ಯವಾಗಿ ನೀರು. ಯಾವ ಋತುವಿನಲ್ಲಿ ಮಳೆಯ ನೀರು, ಯಾವಾಗ ಒರತೆಯ ನೀರು, ಯಾವಾಗ ಹೊಳೆ ಕೆರೆಗಳ ನೀರು ಹಿತವೆಂದು ವಿಂಗಡಿಸಿ, ಅದನ್ನು ಕಾಯಿಸಿ, ತ್ರಿಫಲೆಯಿಂದ ಶುದ್ಧಿ ಮಾಡಿ, ಪಾದರಿ ಸಂಪಿಗೆಯ ಹೂಗಳಿಂದಲೂ ಕರ್ಪೂರದಿಂದಲೂ ಪರಿಮಳಗೊಳಿಸುವ ಕ್ರಮವನ್ನು ಅರಸನು ವಿವರಿಸುತ್ತಾನೆ. ಮದ್ಯದ ಮಾತು ಬರುವುದು ಗ್ರಂಥದ ಕೊನೆಯ ಭಾಗದಲ್ಲಿ. ಇಪ್ಪತ್ತು ಕ್ರೀಡೆಗಳ ಸಾಲಿನಲ್ಲಿ ಮದಿರಾಪಾನವೂ ಒಂದು. ದ್ರಾಕ್ಷಿಯದು, ಕಬ್ಬಿನದು ಮಾತ್ರವಲ್ಲದೆ ತಾಳೆಯ ಮದ್ಯ, ನಾರಿಕೇಲಾಸವ, ಖರ್ಜೂರಾಸವಗಳೂ ಅಲ್ಲಿ ಹೆಸರುಗೊಂಡಿವೆ. ಅರಮನೆಗೆ ಅದು ಆಟ; ಚದುರಂಗದಂತೆ, ಜಲಕ್ರೀಡೆಯಂತೆ.

ಇದೇ ಶತಮಾನದಲ್ಲಿ ದೂರದ ಜರ್ಮನಿಯ ರೈನ್ ನದಿಯ ದಡದ ಮಠವೊಂದರಲ್ಲಿ ಹಿಲ್ಡೆಗಾರ್ಡ್ ಎಂಬ ಸಂನ್ಯಾಸಿನಿ ಗಿಡಮೂಲಿಕೆಗಳ ಗುಣವನ್ನು ಕುರಿತು ಬರೆಯುತ್ತಿದ್ದಳು. ಹಾಪ್ಸಿನ ಕಹಿಯು ಪಾನೀಯಗಳನ್ನು ಕೆಡದಂತೆ ಕಾಪಾಡುತ್ತದೆಂದು ಆಕೆ ಬರೆದಿಟ್ಟಿದ್ದಾಳೆ. ಅಳಿಯನು ಲೀಡ್ಸಿನ ಅಡಿಗೆಮನೆಯಲ್ಲಿ ಕುದಿಯುವ ಪಾತ್ರೆಗೆ ಹಾಕುವ ಹೂವಿನ ಚರಿತ್ರೆ ಆ ಮಠದ ಪುಟಗಳಲ್ಲಿಯೂ ಇದೆ. ನಮ್ಮವರಿಗೆ ಆ ಬಳ್ಳಿ ಇರಲಿಲ್ಲ. ಅದು ತಂಪುನಾಡಿನದು, ಭಂಗಿಯ ಕುಲಕ್ಕೆ ಸೇರಿದ್ದು. ಆದರೆ ಕಹಿ ಒಗರುಗಳ ಉಪಯೋಗವನ್ನು ನಮ್ಮವರೂ ಬಲ್ಲರು. ಕೌಟಿಲ್ಯನ ಮೈರೇಯಕ್ಕೆ ಮರದ ತೊಗಟೆಯ ಕಷಾಯವೂ, ಮೆಣಸು ಹಿಪ್ಪಲಿಗಳೂ ಬೀಳುತ್ತಿದ್ದವು. ದಕ್ಷಿಣದಲ್ಲಿ ಬೆಲ್ಲದ ಕೊಳೆಗೆ ಬಿಳಿಜಾಲಿಯ ತೊಗಟೆಯನ್ನು ಹಾಕುವ ರೂಢಿ ಬಹುಕಾಲ ನಡೆದು ಬಂದಿತು.

ಅರಮನೆಯ ಆಟದ ಮಾತು ಇಷ್ಟಾಯಿತು. ಹಾಗಾದರೆ ಊರಿನ ಮಾತೇನು? ಇದಕ್ಕೆ ಉತ್ತರ ಸೋಮೇಶ್ವರನ ಗ್ರಂಥದಲ್ಲಿಲ್ಲ. ಅವನ ತರುವಾಯ ಮೂವತ್ತು ನಲವತ್ತು ವರ್ಷಗಳಲ್ಲಿ ಇದೇ ಊರಿನಲ್ಲಿ ಹುಟ್ಟಿದ ವಚನಗಳಲ್ಲಿದೆ. ಬಸವಣ್ಣನವರ ಸುತ್ತ ನೆರೆದ ಶರಣರಲ್ಲಿ ಒಬ್ಬರು ಹೆಂಡದ ಮಾರಯ್ಯನವರು. ಹೆಸರೇ ಹೇಳುವಂತೆ ಹೆಂಡ ಮಾರುವುದು ಅವರ ಕಾಯಕ. ‘ಧರ್ಮೇಶ್ವರಲಿಂಗ’ ಎಂಬ ಅಂಕಿತದಲ್ಲಿ ಅವರು ಬರೆದ ಕೆಲವೇ ವಚನಗಳು ಉಳಿದು ಬಂದಿವೆ. ಅವರು ತಮ್ಮ ಕಸುಬಿನ ಹೆಸರನ್ನು ಮುಚ್ಚಿಡಲಿಲ್ಲ. ಕಸುಬಿನ ಸಾಮಾನುಗಳನ್ನೇ ಮಾತಿಗೆ ತಂದರು. ಅವರ ಕೈಯಲ್ಲಿ ಗಡಿಗೆಯು ದೇಹವಾಗುತ್ತದೆ, ಮದವು ಅರಿವಿನ ಸುಖವಾಗುತ್ತದೆ. ಅನುಭವ ಮಂಟಪದಲ್ಲಿ ಅವರಿಗೆ ಜಾಗ ದೊರೆತುದನ್ನು ನಾವು ಭಾಷಣಗಳಲ್ಲಿ ಹೆಮ್ಮೆಯಿಂದ ಹೇಳುತ್ತೇವೆ. ಆದರೆ ಅವರ ಹೆಂಡ ಎಂಥದು, ಅವರಿಂದ ಕೊಳ್ಳುತ್ತಿದ್ದವರು ಯಾರು ಎಂದು ಕೇಳುವುದಿಲ್ಲ.

ಅದೇ ಮಂಟಪದಲ್ಲಿ ಇನ್ನೊಬ್ಬ ಶರಣರು ಸುಂಕದ ಬಂಕಣ್ಣನವರು. ದಾರಿಯಲ್ಲಿ ಕುಳಿತು ಸುಂಕ ವಸೂಲು ಮಾಡುವುದು ಅವರ ಕಾಯಕ. ಹೆಂಡ ಮಾರುವವರೂ ಸುಂಕ ಎತ್ತುವವರೂ ಒಂದೇ ನೆಲದ ಮೇಲೆ ಸಮನಾಗಿ ಕುಳಿತ ಊರು ಕಲ್ಯಾಣ. ಆಮೇಲಿನ ಎಂಟು ನೂರು ವರ್ಷಗಳಲ್ಲಿ ಅವರಿಬ್ಬರ ನೆಂಟಸ್ತಿಕೆ ಹೇಗೆ ಕೆಟ್ಟಿತೆಂಬುದೇ ನಾನು ಹೇಳಹೊರಟ ಕಥೆ.

ಹೆಂಡವೆಂದರೆ ಏನೆಂಬುದನ್ನು ಇಲ್ಲಿ ತಿಳಿಸಬೇಕು. ಹುಮನಾಬಾದಿನಿಂದ ಬಸವಕಲ್ಯಾಣಕ್ಕೆ ಬರುವಾಗ ಹಳ್ಳದ ದಂಡೆಗಳಲ್ಲಿ ಇಂದಿಗೂ ಅಲ್ಲೊಂದು ಇಲ್ಲೊಂದು ಈಚಲ ಮರ ಕಾಣುತ್ತದೆ. ಖರ್ಜೂರದ ಕುಲದ್ದೇ ಮರ. ನಮ್ಮ ಕಡೆ ಅದಕ್ಕೆ ಸಿಂದಿಯ ಗಿಡವೆಂದು ಹೆಸರು. ಮರಾಠಿಯಲ್ಲಿಯೂ ಅದು ಶಿಂದಿಯೇ. ಚಳಿಗಾಲದಲ್ಲಿ ಮರದ ತಲೆಯ ಕೆಳಗೆ ಒಂದು ಪಕ್ಕವನ್ನು ಹೆರೆದು ಗಡಿಗೆ ಕಟ್ಟಿದರೆ ರಾತ್ರಿಯೆಲ್ಲ ರಸ ತೊಟ್ಟಿಕ್ಕುತ್ತದೆ. ಬೆಳಗಿನ ಹೊತ್ತು ಅದು ನೀರಾ, ಸಿಹಿ. ಬಿಸಿಲು ಏರಿದಂತೆ ಗಾಳಿಯಲ್ಲಿಯೂ ಗಡಿಗೆಯಲ್ಲಿಯೂ ಇರುವ ಹುದುಗು ತಾನಾಗಿಯೇ ಕೆಲಸಮಾಡಿ ನೊರೆ ಏಳುತ್ತದೆ. ಸಂಜೆಗೆ ಅದು ಸಿಂದಿ. ಅದರ ಮದ್ಯಸಾರ ನೂರಕ್ಕೆ ನಾಲ್ಕೈದರಷ್ಟು. ಮರುದಿನಕ್ಕೆ ಹುಳಿಯೇರಿ ಕುಡಿಯಲಾಗದಂತಾಗುತ್ತದೆ. ಅಳಿಯನ ಏಲಿಗೂ ನಮ್ಮ ಸಿಂದಿಗೂ ಬಲದಲ್ಲಿ ಹೆಚ್ಚು ಕಡಿಮೆ ಸಮ. ಅವನದಕ್ಕೆ ಹಾಪ್ಸಿನ ಕಾವಲಿದೆ, ಆದುದರಿಂದ ತಿಂಗಳುಗಟ್ಟಲೆ ಇರುತ್ತದೆ. ಹಡಗು ಹತ್ತಿ ಸಮುದ್ರವನ್ನೂ ದಾಟುತ್ತದೆ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಲಂಡನ್ನಿನ ಹತ್ತಿರದ ಬೋ ಎಂಬಲ್ಲಿಯ ಹಾಡ್ಜ್‌ಸನ್ನನ ಕಾರಖಾನೆಯಿಂದ ಹೊರಟ ಪೇಲ್ ಏಲು ಹಿಂದೂಸ್ಥಾನಕ್ಕೆ ಬಂದು, ಇಲ್ಲಿಯ ಇಂಗ್ಲಿಷರಲ್ಲಿ ಹೆಸರು ಮಾಡಿದ್ದು ಈ ಕಹಿಯ ಬಲದಿಂದಲೇ. ನಮ್ಮ ಸಿಂದಿಗೆ ಒಂದೇ ದಿನದ ಆಯುಷ್ಯ. ಮರ ಇರುವಲ್ಲಿಯೇ ಅದನ್ನು ಕುಡಿಯಬೇಕು. ಪಂಪಭಾರತದ ನಾಲ್ಕನೆಯ ಆಶ್ವಾಸದಲ್ಲಿ ಬರುವ ಪಾನಗೋಷ್ಠಿಯನ್ನು ಪಾಠ ಹೇಳುವಾಗ ‘ಗೋಷ್ಠಿ’ಯೆಂದರೆ ಕೂಟವೆಂದು ಬಿಡಿಸಿ ಹೇಳುತ್ತೇನೆ; ಅಳಿಯನ ‘ಸೆಷನ್’ ಶಬ್ದಕ್ಕೆ ಇದಕ್ಕಿಂತ ಒಳ್ಳೆಯ ಕನ್ನಡ ಸಿಗಲಾರದು.

ಮರವನ್ನು ಹತ್ತಿರದಿಂದ ನೋಡಿದವರಿಗೆ ಇನ್ನೊಂದು ಸಂಗತಿ ಕಾಣುತ್ತದೆ. ಒಂದು ವರ್ಷ ಒಂದು ಪಕ್ಕ ಹೆರೆದರೆ, ಮರುವರ್ಷ ಅದರ ಎದುರಿನ ಪಕ್ಕ ಹೆರೆಯುತ್ತಾರೆ. ಮರ ಬೆಳೆದಂತೆ ಗಾಯಗಳು ಮೆಟ್ಟಿಲಿನಂತೆ ಎಡಕ್ಕೊಂದು ಬಲಕ್ಕೊಂದು ಉಳಿಯುತ್ತವೆ. ಅವನ್ನು ಎಣಿಸಿದರೆ ಆ ಮರವನ್ನು ಎಷ್ಟು ವರ್ಷ ಇಳಿಸಿದ್ದರೆಂದು ಹೇಳಬಹುದು. ಶಾಸನದ ಕಲ್ಲುಗಳನ್ನು ಓದಲು ಕಲಿತ ನಮಗೆ ಇದೂ ಒಂದು ಬರಹವೇ.

ನಿಜಾಮರ ಕಾಲಕ್ಕೆ ಈ ಬರಹದ ಮೇಲೆ ಸರ್ಕಾರದ ಕೈ ಬಿತ್ತು. ಆಗ ನಮ್ಮ ಊರಿಗೆ ಕಲ್ಯಾಣಿಯೆಂದು ಹೆಸರು, ನವಾಬರ ಜಹಗೀರು. ಹೈದರಾಬಾದ್ ಸಂಸ್ಥಾನದ ಬೊಕ್ಕಸಕ್ಕೆ ಆಬಕಾರಿಯು ದೊಡ್ಡ ಆದಾಯದ ಬಾಬುಗಳಲ್ಲಿ ಒಂದಾಗಿತ್ತು. ಆಬ್ ಎಂದರೆ ಪಾರಸಿಯಲ್ಲಿ ನೀರು. ಆಬಕಾರಿಯೆಂದರೆ ನೀರಿನ ಕೆಲಸ. ಹೆಸರು ನೀರಿನದಾದರೂ ಕೆಲಸ ಹಣದ್ದು. ಇಳಿಸುವ ಮರಕ್ಕೆ ತೆರಿಗೆ, ಮಾರುವ ಅಂಗಡಿಗೆ ಹರಾಜು. ಹರಾಜು ಹಿಡಿದವನು ಗುತ್ತೇದಾರ. ಇಂದಿಗೂ ಕಲಬುರ್ಗಿ, ಬೀದರ ಕಡೆಯ ಎಷ್ಟೋ ಮನೆತನಗಳ ಅಡ್ಡಹೆಸರಾಗಿ ಆ ಶಬ್ದ ಉಳಿದಿದೆ. ಸಂಸ್ಕೃತದ ಕಲ್ಯಪಾಲನಿಂದ ಕಲಾಲ ಬಂದಂತೆ, ಅರಬ್ಬಿ ಪಾರಸಿಗಳ ದಾರಿಯಿಂದ ಸರಾಯಿ ಅಂಗಡಿಗೆ ಬೇಕಾದ ಪರಿಭಾಷೆಯೆಲ್ಲ ನಮ್ಮ ಮಾತಿಗೆ ಬಂದಿತು. ಮನೆಯ ಗಡಿಗೆಗೆ ಕೌಟಿಲ್ಯನು ಕೊಟ್ಟ ಬಿಡುವು ಮಾತ್ರ ಎಲ್ಲಿಯೂ ಉಳಿಯಲಿಲ್ಲ. ತನ್ನ ಹೊಲದ ಬದುವಿನ ಮರದಿಂದ ತನ್ನ ಮನೆಗೆಂದು ಒಂದು ಗಡಿಗೆ ಇಳಿಸಿದವನೂ ಕಳ್ಳನಾದ.

ಇಂಗ್ಲೆಂಡಿನ ಕಥೆಯೂ ಬಹಳ ಬೇರೆಯೇನಲ್ಲ. ಅಲ್ಲಿ ಮನೆಮನೆಯ ಹೆಂಗಸರು ಮಾಡುತ್ತಿದ್ದ ಏಲು ಕ್ರಮೇಣ ಕಾರಖಾನೆಗಳ ಪಾಲಾಯಿತು. ೧೮೮೦ರಲ್ಲಿ ಗ್ಲಾಡ್‌ಸ್ಟನ್ನನು ಮಾಲ್ಟಿನ ಮೇಲಿನ ತೆರಿಗೆಯನ್ನು ತೆಗೆದು ಬಿಯರಿನ ಮೇಲೆ ಹೊರಿಸಿದಾಗ, ಮನೆಯಲ್ಲಿ ಮಾಡಿಕೊಳ್ಳುವವರೂ ಪರವಾನಗಿ ಪಡೆಯಬೇಕಾಯಿತು. ಆ ಕಟ್ಟು ಹರಿದದ್ದು ೧೯೬೩ರಲ್ಲಿ, ಮಾಡ್ಲಿಂಗ್ ಅರ್ಥಮಂತ್ರಿಯಾಗಿದ್ದಾಗ. ಅಮೆರಿಕದಲ್ಲಿ ೧೯೭೮ರಲ್ಲಿ ಅಧ್ಯಕ್ಷ ಕಾರ್ಟರರು ಸಹಿ ಹಾಕಿದ ಕಾಯಿದೆಯಿಂದ ಇಂಥ ಬಿಡುವು ದೊರೆಯಿತು. ನನ್ನ ಅಳಿಯನ ಅಡಿಗೆಮನೆಯ ಸ್ವಾತಂತ್ರ್ಯಕ್ಕೂ ಒಂದು ತಾರೀಖು ಇದೆಯೆಂಬುದನ್ನು ಅವನು ತಿಳಿದಿರಲಾರ.

ನಮ್ಮ ಕಡೆ ಮಾತ್ರ ಕಥೆ ಬೇರೆ ಹಾದಿ ಹಿಡಿಯಿತು. ೧೯೪೭ರ ಆಗಸ್ಟ್ ೭ರಂದು ಸ್ವಾಮಿ ರಾಮಾನಂದ ತೀರ್ಥರ ಮುಂದಾಳುತನದಲ್ಲಿ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ಸು ಸತ್ಯಾಗ್ರಹ ಹೂಡಿತು; ಸಂಸ್ಥಾನವು ಭಾರತದಲ್ಲಿ ಸೇರಬೇಕೆಂಬುದು ಬೇಡಿಕೆ. ನಿಜಾಮರ ಬೊಕ್ಕಸದ ಬೇರನ್ನೇ ಕತ್ತರಿಸಬೇಕೆಂದು ಊರೂರಿನ ಜನ ಕೊಡಲಿ ಹಿಡಿದು ಸಿಂದಿಯ ಮರಗಳನ್ನು ಕಡಿದುರುಳಿಸಿದರು. ಗಾಂಧೀಜಿಯವರ ಪಾನನಿರೋಧದ ಮಾತೂ ಅದಕ್ಕೆ ಜೊತೆಗೂಡಿತು. ಒಂದೇ ಏಟಿನಲ್ಲಿ ಸರ್ಕಾರದ ಆದಾಯವೂ ಹೋಯಿತು, ಕುಡಿತವೂ ಹೋಯಿತು ಎಂದು ಅಂದಿನವರು ಪ್ರಾಮಾಣಿಕವಾಗಿ ನಂಬಿದ್ದರು. ಮರುವರ್ಷ ಸೆಪ್ಟೆಂಬರ್ ೧೩ರಂದು ಸೊಲ್ಲಾಪುರದ ಕಡೆಯಿಂದ ಹೊರಟ ಭಾರತದ ಸೈನ್ಯ ನಳದುರ್ಗವನ್ನು ದಾಟಿ ನಮ್ಮ ರಾಜೇಶ್ವರದ ಹೆದ್ದಾರಿಯಲ್ಲಿ ಬಂದಿತು. ೧೭ರಂದು ನಿಜಾಮರು ಶರಣಾದರು.

ಆ ಕೊಡಲಿ ಹಿಡಿದವರಲ್ಲಿ ನಮ್ಮ ಮುತ್ಯಾನೂ ಒಬ್ಬ. ಹುಮನಾಬಾದಿನ ಹತ್ತಿರದ ನಮ್ಮ ಹಳ್ಳಿಯ ಹಳ್ಳದ ದಂಡೆಯಲ್ಲಿ ದೊಡ್ಡದೊಂದು ಸಿಂದಿಯ ಬನವಿತ್ತಂತೆ. ಇಪ್ಪತ್ತು ದಾಟಿದ ಹುಡುಗರೆಲ್ಲ ಕೂಡಿ ಎರಡು ರಾತ್ರಿಗಳಲ್ಲಿ ಅದನ್ನು ನೆಲಕ್ಕೆ ಕೆಡವಿದರು. ಮೂರನೆಯ ದಿನ ಬೆಳಿಗ್ಗೆ, ಆ ಮರಗಳನ್ನು ಇಳಿಸುತ್ತಿದ್ದವನು ನಮ್ಮ ಮನೆಯ ಕಟ್ಟೆಗೆ ಬಂದು ಕುಳಿತ. ಮುತ್ಯಾನಿಗಿಂತ ವಯಸ್ಸಿನಲ್ಲಿ ಹಿರಿಯ. ಚಿಕ್ಕಂದಿನಲ್ಲಿ ನಸುಕಿನ ನೀರಾವನ್ನು ಅವನಿಗೆ ಎಲೆಯ ದೊನ್ನೆಯಲ್ಲಿ ಕುಡಿಸಿದವನು. ಬೈಯಲಿಲ್ಲ, ಅಳಲಿಲ್ಲ. “ತಮ್ಮಾ, ಸರ್ಕಾರದ ಗಿಡ ಅಂತ ಕಡದ್ರಿ. ಅದರ ಮ್ಯಾಲ ನಮ್ಮ ಮನಿ ಇತ್ತು, ಕಾಣಲಿಲ್ಲೇನು?” ಎಂದನಂತೆ. ಮುತ್ಯಾ ಉತ್ತರ ಕೊಡಲಿಲ್ಲ. ಆ ಮನೆಯವರು ವರ್ಷ ತುಂಬುವುದರೊಳಗೆ ಗಂಟು ಕಟ್ಟಿಕೊಂಡು ಸೊಲ್ಲಾಪುರದ ಗಿರಣಿಗಳ ಕಡೆಗೆ ಹೋದರು, ತಿರುಗಿ ಬರಲಿಲ್ಲ.

ಮುತ್ಯಾ ಹೋರಾಟದ ಕಥೆಗಳನ್ನು ನಮಗೆ ಬಹಳ ಉತ್ಸಾಹದಿಂದ ಹೇಳುತ್ತಿದ್ದ. ಬಾವುಟ ಹಚ್ಚಿದ್ದು, ಗಡಿ ದಾಟಿ ಅಡಗಿದ್ದು, ಲಾಠಿ ಏಟು ತಿಂದದ್ದು. ಮರ ಕಡಿದ ಕಥೆಯನ್ನು ಮಾತ್ರ ನಾನು ಕಾಲೇಜಿಗೆ ಸೇರಿದ ಮೇಲೆ, ಒಂದೇ ಸಲ ಹೇಳಿದ. “ಕಡದದ್ದು ತಪ್ಪಂತ ಹೇಳಂಗಿಲ್ಲ. ಆದರ ಅವ ಕೇಳಿದ್ದಕ್ಕ ನನ್ನ ಕಡೆ ಜವಾಬ ಇರಲಿಲ್ಲ” ಎಂದಿದ್ದ.

ಅಂದು ಬನವಿದ್ದ ಹಳ್ಳದ ದಂಡೆ ಇಂದು ಬಯಲು. ಕುಡಿತ ಹೋಯಿತೇ? ೧೯೫೬ರ ನವೆಂಬರ್ ೧ರಂದು ಬೀದರ ಜಿಲ್ಲೆ ಕನ್ನಡ ನಾಡಿಗೆ ಸೇರಿತು, ಕಲ್ಯಾಣಿಯು ಬಸವಕಲ್ಯಾಣವಾಯಿತು. ಆಬಕಾರಿ ಮಾತ್ರ ಹೆಸರು ಬದಲಿಸದೆ ಉಳಿಯಿತು. ೧೯೬೫ರ ಅಬಕಾರಿ ಕಾಯಿದೆಯ ಪ್ರಕಾರ ಪರವಾನಗಿಯಿಲ್ಲದೆ ಯಾವ ಮದ್ಯವನ್ನೂ ತಯಾರಿಸುವಂತಿಲ್ಲ. ಅಳಿಯನ ಹೊಂಬಣ್ಣದ ಏಲನ್ನು ನಮ್ಮ ಹುಮನಾಬಾದಿನ ಅಡಿಗೆಮನೆಯಲ್ಲಿ ಕುದಿಸಿದರೆ ಅದು ಅಪರಾಧ. ೨೦೦೭ರ ಜುಲೈ ೧ರಿಂದ ಸಾರಾಯಿಯೂ ನಿಂತಿತು. ಆದರೆ ಅಂಗಡಿಯ ಬಾಗಿಲು ಮುಚ್ಚಲಿಲ್ಲ. ಕೂಲಿಯವನ ಕೈಗೆ ಇಂದು ಬರುವುದು ನೂರಕ್ಕೆ ೪೨.೮ರಷ್ಟು ಮದ್ಯಸಾರವಿರುವ ವಿಸ್ಕಿ, ರಮ್ಮುಗಳ ಸಣ್ಣ ಪೊಟ್ಟಣ. ನಾಲ್ಕರದನ್ನು ಕಡಿದು ನಲವತ್ತೆರಡರದನ್ನು ಉಳಿಸಿಕೊಂಡೆವು. ಮರದ ಕೆಳಗೆ ಕೂಟದಲ್ಲಿ ಕುಳಿತು ಕುಡಿಯುತ್ತಿದ್ದವನು ಈಗ ಅಂಗಡಿಯ ಹಿಂದಿನ ಗೋಡೆಗೆ ಮುಖ ಮಾಡಿ ಒಂದೇ ಗುಟುಕಿಗೆ ಮುಗಿಸಿ ಮನೆಗೆ ನಡೆಯುತ್ತಾನೆ.

ಇದನ್ನು ಓದಿ ನಾನು ಹೆಂಡದ ಪಕ್ಷವನ್ನು ವಹಿಸಿದ್ದೇನೆಂದು ಯಾರೂ ತಿಳಿಯಬಾರದು. ಸಿಂದಿಯೂ ಸಂಸಾರಗಳನ್ನು ಹಾಳುಮಾಡಿದ್ದುಂಟು. ಮರ ಕಡಿಮೆಯಾದಂತೆ, ರಾಯಚೂರು, ತೆಲಂಗಾಣಗಳ ಕಡೆ ಕ್ಲೋರಲ್ ಹೈಡ್ರೇಟ್ ಎಂಬ ನಿದ್ರೆಯ ಔಷಧವನ್ನು ನೀರಿಗೆ ಬೆರೆಸಿ ಸಿಂದಿಯೆಂದು ಮಾರಿ ಜನರನ್ನು ಹುಚ್ಚರನ್ನಾಗಿ ಮಾಡಿದ್ದೂ ಉಂಟು. ಕುಡುಕ ಗಂಡನನ್ನು ಕಟ್ಟಿಕೊಂಡ ಹೆಂಗಸಿನ ಮುಂದೆ ನಿಂತು ನಾಲ್ಕಕ್ಕೂ ನಲವತ್ತೆರಡಕ್ಕೂ ಇರುವ ಅಂತರವನ್ನು ವಿವರಿಸುವ ಧೈರ್ಯ ನನಗಿಲ್ಲ. ನನ್ನ ತರಗತಿಗಳಲ್ಲಿಯೇ ಅಂಥ ಮನೆಗಳಿಂದ ಬಂದ ಮಕ್ಕಳಿದ್ದಾರೆ. ಕುಡಿಯದಿರುವುದೇ ಲೇಸು. ನಾನು ಹೇಳುವುದಿಷ್ಟೆ: ಗಡಿಗೆಯನ್ನು ಮನೆಯಿಂದ ಕಿತ್ತುಕೊಂಡವರು ಕುಡಿತವನ್ನು ನಿಲ್ಲಿಸಲೆಂದು ಕಿತ್ತುಕೊಳ್ಳಲಿಲ್ಲ, ಸುಂಕಕ್ಕಾಗಿ ಕಿತ್ತುಕೊಂಡರು. ಸುಂಕವನ್ನು ನಿಲ್ಲಿಸಲೆಂದು ಮರ ಕಡಿದವರು ಮರ ಇಳಿಸುವವನನ್ನು ನೋಡಲಿಲ್ಲ. ಎಂಟು ನೂರು ವರ್ಷಗಳ ಹಿಂದೆ ಈ ಊರಿನಲ್ಲಿ ಬಂಕಣ್ಣನವರ ಪಕ್ಕದಲ್ಲಿ ಕುಳಿತಿದ್ದ ಮಾರಯ್ಯನವರು ಎರಡೂ ಸಲ ಲೆಕ್ಕದಿಂದ ಹೊರಗೆ ಉಳಿದರು.

ಅಳಿಯನಿಗೆ ಉತ್ತರ ಬರೆದಿದ್ದೇನೆ. ನಮ್ಮಲ್ಲಿಯೂ ಇಂಥದು ಇತ್ತು. ಅದಕ್ಕೆ ಕಹಿಯ ಹೂವು ಇರಲಿಲ್ಲ, ಒಂದೇ ದಿನದ ಬಾಳು. ಅದರ ಹಿಂದೆ ಮರ ಹತ್ತುವ ಒಂದು ಮನೆಯಿತ್ತು, ನಿನ್ನ ತಾಯಿಯ ಮುತ್ಯಾನಿಗೆ ಆ ಮನೆಯವನು ಒಂದು ಪ್ರಶ್ನೆ ಕೇಳಿದ್ದ ಎಂದು ಎಲ್ಲವನ್ನೂ ತಿಳಿಸಿದ್ದೇನೆ. ಈ ಸಲ ಊರಿಗೆ ಬಂದಾಗ ಹಳ್ಳದ ದಂಡೆಗೆ ಕರೆದುಕೊಂಡು ಹೋಗುತ್ತೇನೆಂದೂ ಬರೆದಿದ್ದೇನೆ. ಅಲ್ಲಿ ಕೊಡಲಿಗೆ ತಪ್ಪಿದ ಒಂದೇ ಒಂದು ಹಳೆಯ ಮರ ನಿಂತಿದೆ. ಅದರ ಮೈಮೇಲೆ ಎಡಕ್ಕೊಂದು ಬಲಕ್ಕೊಂದು ಹತ್ತೊಂಬತ್ತು ಗಾಯಗಳಿವೆ. ಅಲ್ಲಿಂದ ಮೇಲಕ್ಕೆ ಕಾಂಡ ನುಣ್ಣಗಿದೆ.